ದೋಣಿ ನಡಿಗೆ

ಶಿರಾಡಿ ಘಾಟಿ ಹತ್ತಿ ಬಂದ ಲಾರಿಯೊಂದು ದೋಣಿಗಾಲ್‌ನ ಟೀ ಅಂಗಡಿ ಮುಂದೆ ನಿಂತಾಗ, ಅದರ ಬೆನ್ನ ಮೇಲಿದ್ದದ್ದನ್ನು ನೋಡುತ್ತ ನಿಂತವರು ಬಂದ ಬಸ್ಸನ್ನೂ ಬಿಟ್ಟರಂತೆ. ಲಾರಿಯ ಹಿಂಬದಿಯಿಂದ ಹೊರಚಾಚಿದ್ದ ಹಾಯಿದೋಣಿ ಅದು. ಹಾಯಿಕಂಬವನ್ನು ಬಿಚ್ಚಿ ಮಗ್ಗುಲಿಗೆ ಮಲಗಿಸಿ ಕಟ್ಟಿದ್ದರು. ಹೊಟ್ಟೆಯ ಬಿಳಿ ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು.

"ಲೋ, ದೋಣಿಗಾಲ್‌ಗೆ ಕೊನೆಗೂ ದೋಣಿ ಬಂತು ಕಣ್ರೋ!" ಎಂದು ಒಬ್ಬ ಕೂಗಿದರೆ, "ಘಾಟಿ ಹತ್ತಿ ಸುಸ್ತಾಗೈತೆ, ಅದಕ್ಕೂ ಒಂದ್ ಟೀ ಕೊಡ್ರಪ್ಪ" ಎಂದು ಇನ್ನೊಬ್ಬ ಕಿಚಾಯಿಸಿದನಂತೆ. ಲಾರಿಯಿಂದ ಇಳಿದ ಸುಫಿಯಾನ್ ಎದೆಯುಬ್ಬಿಸಿಕೊಂಡು ಎರಡು ಟೀ ಹೇಳಿ, ಎರಡನೆಯದನ್ನು ದೋಣಿಯ ಮೂಗಿಗೆ ಮುಟ್ಟಿಸಿ ತಾನೇ ಕುಡಿದನಂತೆ.

ಮದುವೆಯಾದ ಹೊಸತರಲ್ಲಿ ಅವನು ಈ ಕಥೆಯನ್ನು ಹೇಳುವಾಗೆಲ್ಲ ನೂರೀನ್ ನಗುತ್ತಿದ್ದಳು. ಆ ದೋಣಿಯಲ್ಲೇ ತನ್ನ ಸಂಸಾರ ಎಂದು ಗೊತ್ತಾದ ಮೇಲೆ ನಗು ನಿಂತಿತು.

ನೂರೀನ್ ಹುಟ್ಟಿದ್ದು ಸಕಲೇಶಪುರದಲ್ಲಿ, ಓದಿದ್ದು ಮೈಸೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಬಿ.ಕಾಂ. ಮುಗಿಸುವವರೆಗೆ ನೀರೆಂದರೆ ಅವಳ ಪಾಲಿಗೆ ನಲ್ಲಿಯಲ್ಲಿ ಬರುವುದು ಇಲ್ಲವೇ ಬಾರದಿರುವುದು, ಅಷ್ಟೇ. ಹುಟ್ಟಾ ಅಂಜುಬುರುಕಿ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಸಾಲದೆಂದು ಮೇಲಕ್ಕೂ ಒಮ್ಮೆ ನೋಡುವವಳು ಎಂದು ಚಿಕ್ಕಮ್ಮ ರೇಗಿಸುತ್ತಿದ್ದಳು. ಅಂಥವಳಿಗೆ ಗಂಟುಬಿದ್ದವನು ಸುಫಿಯಾನ್. ಅಪ್ಪನ ಜೀಪು ಬಿಟ್ಟು ಗೋವಾಕ್ಕೆ ಓಡಿಹೋಗಿ, ಪರದೇಶದವರ ಹಾಯಿದೋಣಿಗಳಲ್ಲಿ ವರ್ಷಗಟ್ಟಲೆ ದುಡಿದು, ಅಪ್ಪ ತೀರಿಕೊಂಡ ಮೇಲೆ ಉಪ್ಪು ಹಿಡಿದ ಕೈಗಳೊಂದಿಗೆ ಊರಿಗೆ ಮರಳಿದ್ದ. ವನಗೂರಿನ ಏರುದಾರಿಗಳಲ್ಲಿ ಅದೇ ಹಳೆಯ ಜೀಪು ಓಡಿಸುತ್ತಿದ್ದವನನ್ನು ಹೆಗ್ಗದ್ದೆಯ ಕಾಫಿ ಪ್ಲಾಂಟರ್ ಏಕಾಂತಯ್ಯ ಹುಡುಕಿಕೊಂಡು ಬಂದರು.

ಏಕಾಂತಯ್ಯನವರಿಗೆ ಗೋವಾಕ್ಕೆ ಹೋದಾಗ ಹಾಯಿದೋಣಿಯ ಹುಚ್ಚು ಹಿಡಿದಿತ್ತು. ಅತಿಥಿಗಳನ್ನು ಹತ್ತಿಸಿಕೊಂಡು ಹೇಮಾವತಿಯ ಹಿನ್ನೀರಿನಲ್ಲಿ ತೇಲಾಡಿಸುವುದು, ರಾತ್ರಿ ನೀರ ಮೇಲೇ ಮಲಗಿಸುವುದು ಅವರ ಕನಸು. ಹಳೆಯ ದೋಣಿ ಕೊಂಡರು, ತಮ್ಮ ತಾಯಿಯ ಹೆಸರನ್ನೇ ಅದಕ್ಕಿಟ್ಟರು: ಜಗದಾಂಬ. ಯಾವ ಹಗ್ಗ ಎಳೆದರೆ ಏನಾಗುತ್ತದೆಂದು ಬಲ್ಲವನು ಇಡೀ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ.

"ದೋಣೀನ ಒಂಟಿ ಬಿಡಂಗಿಲ್ಲ ಸಾವ್ಕಾರ್ರೆ," ಎಂದಿದ್ದ ಸುಫಿಯಾನ್. "ಒಳಕ್ಕೆ ನೀರು ಜಿನುಗ್ತಿರತ್ತೆ, ಎತ್ತಿ ಹಾಕ್ತಿರ್ಬೇಕು. ಬುಟ್ಟು ಹೋದ್ರೆ ವಾರ ಕಳೆಯೋದ್ರಲ್ಲಿ ತಳ ಸೇರತ್ತೆ."

"ಹಂಗಾದ್ರೆ ನೀನು ಅದ್ರಲ್ಲೇ ಇರು ಮಾರಾಯ. ಹೆಂಡ್ತೀನೂ ಕರ್ಕೊಂಡ್ ಬಾ. ಬಾಡಿಗೆ ಕೇಳಲ್ಲ."

ಹೀಗೆ ಆಲೂರು ಕಡೆಯ ಹಿನ್ನೀರಿನ ಒಂದು ಮೂಲೆಯಲ್ಲಿ ಲಂಗರು ಹಾಕಿದ ಜಗದಾಂಬ ನೂರೀನಳ ಮನೆಯಾಯಿತು. ಅತಿಥಿಗಳನ್ನು ಹತ್ತಿಸಲು ಪರವಾನಗಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ವರ್ಷಗಳು ಹೋದವು. ದೋಣಿಯ ಒಳಗೆ ಬೆನ್ನು ಬಗ್ಗಿಸಿಯೇ ಓಡಾಡಬೇಕು. ಎರಡು ಬದಿಗೆ ಎರಡು ಮಲಗುವ ಹಲಗೆ, ನಡುವೆ ಒಂದು ಓಣಿ, ಓಣಿಯ ಕೊನೆಗೆ ತೂಗುಹಾಕಿದ ಗ್ಯಾಸ್ ಒಲೆ. ಒಲೆ ಯಾಕೆ ತೂಗಬೇಕೆಂದು ಮೊದಲ ದಿನ ಕೇಳಿದ್ದಳು. ಗಾಳಿಗೆ ದೋಣಿ ವಾಲಿ, ಒಲೆ ಮಾತ್ರ ತೊಟ್ಟಿಲಂತೆ ತೂಗಿ ನೆಟ್ಟಗೆ ನಿಂತದ್ದನ್ನು ನೋಡಿದ ಮೇಲೆ ಕೇಳಲಿಲ್ಲ.

ಭಯಪಡುವವರಿಗೆ ದೋಣಿಯಲ್ಲಿ ಪುರಸೊತ್ತೇ ಇರುವುದಿಲ್ಲ. ಹಾಯಿಯ ಬುಡಕ್ಕೆ ಕಟ್ಟಿದ ಅಡ್ಡಮರಕ್ಕೆ ಸುಫಿಯಾನ್ ಬೂಮ್ ಎನ್ನುತ್ತಿದ್ದ. ಗಾಳಿ ದಿಕ್ಕು ಬದಲಿಸಿದರೆ ಅದು ಈ ಬದಿಯಿಂದ ಆ ಬದಿಗೆ ರೊಯ್ಯನೆ ಬೀಸಿಬರುತ್ತದೆ. ನಡುವೆ ಯಾರ ತಲೆ ಇದ್ದರೂ ಅದಕ್ಕೇನು? ನೀರಿನಡಿಯಲ್ಲಿ ಮುಳುಗಡೆಯ ಕಾಲದ ಮರಗಳ ಬೊಡ್ಡೆಗಳಿವೆ, ಗೋಡೆಗಳಿವೆ. ತುಂಬಿದಾಗ ಕಾಣುವುದಿಲ್ಲ, ಇಳಿದಾಗ ದೋಣಿಯ ಹೊಟ್ಟೆಗೆ ತಗಲುತ್ತವೆ. ಗ್ಯಾಸು ಸೋರಿದರೆ ತಳದಲ್ಲೇ ಕೂತಿರುತ್ತದೆ, ಹೊರಗೆ ಹರಿದುಹೋಗಲು ಜಾಗವಿಲ್ಲ. ಘಾಟಿಯ ಕಡೆಯಿಂದ ಬರುವ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಇವೆಲ್ಲವನ್ನೂ ಅವಳು ಒಂದೊಂದಾಗಿ ಕಲಿತಳು, ಕಲಿತದ್ದಕ್ಕೆಲ್ಲ ಒಂದೊಂದು ಕಾವಲು ಇಟ್ಟಳು. ಮೆಹರೀನ್ ಹುಟ್ಟಿ, ಕೂಸಿಗೆ ಕೂರಲು ಬಂದೊಡನೆ, ತನ್ನ ಹಳೆಯ ಕಾಲೇಜ್ ಬ್ಯಾಗಿನ ಪಟ್ಟಿಗಳನ್ನು ಬಿಚ್ಚಿ ಎದೆಗೂ ಬೆನ್ನಿಗೂ ಸುತ್ತಿಬರುವ ಕಟ್ಟೊಂದನ್ನು ಹೊಲಿದಳು. ಅದರ ಬೆನ್ನಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಹಾಯಿಕಂಬದ ಬುಡಕ್ಕೆ. ಮಗು ಹೊರಗೆ, ದೋಣಿಯ ಮೇಲಿನ ಹಲಗೆಗೆ ಬಂದರೆ ಕಟ್ಟು ಇರಲೇಬೇಕು. ಸುಫಿಯಾನ್ ಹಾಕಿದ ಗಂಟನ್ನೂ ಅವಳು ಮತ್ತೊಮ್ಮೆ ಎಳೆದು ನೋಡುತ್ತಿದ್ದಳು.

"ನನ್ ಗಂಟು ಸಮುದ್ರದಲ್ಲಿ ಬಿಚ್ಚಿಲ್ಲ ಕಣೇ."

"ಸಮುದ್ರದಲ್ಲಿ ನಿಮ್ಮ ಮಗಳು ಇರ್ಲಿಲ್ಲ."

ದಡದಲ್ಲಿ ಗಂಗಾಮಣಿಯ ಮನೆ. ಎರಡು ಹಸು, ಒಂದು ಬೋರ್‌ವೆಲ್, ನಾಲ್ಕು ಸಾಲು ಕಾಫಿ ಗಿಡ. ಕುಡಿಯುವ ನೀರಿನ ಕ್ಯಾನುಗಳು ಅಲ್ಲಿಂದಲೇ ತುಂಬಿಕೊಂಡು ಬರಬೇಕು, ಹಾಲೂ ಅಲ್ಲಿಂದಲೇ. ಅವಳಿಗೆ ನೂರೀನಳ ಅಂಜಿಕೆ ಒಂದು ತಮಾಷೆ. "ನಿಮ್ಗೇನವ್ವ, ನೀರ್ ಮಧ್ಯ ಅರಮನೆ. ನಮ್ಗೆ ಆನೆ ಬಂದ್ರೆ ಓಡಾಕೆ ದಾರಿ ಇಲ್ಲ. ಹುಲಿಯಂಗೆ ಇರೋದ್ ಬುಟ್ಟು ಮೊಲದಂಗೆ ಕಿವಿ ನೆಟ್ಟಗೆ ಮಾಡ್ಕೊಂಡ್ ಕೂತಿರ್ತೀಯಲ್ಲ!"

ಸುಫಿಯಾನನ ಸಮುದ್ರದ ಪಾಠಗಳಲ್ಲಿ ಒಂದನ್ನು ಮಾತ್ರ ನೂರೀನ್ ನೆಚ್ಚಿಕೊಂಡಿದ್ದಳು. ಒಳಗೆ ಓಣಿಯ ಸೂರಿಗೆ ಅವನು ಒಂದು ದಾರ ಇಳಿಬಿಟ್ಟು ಅದರ ತುದಿಗೆ ಅಪ್ಪನ ಜೀಪ್ ಶೆಡ್ಡಿನ ಹಿತ್ತಾಳೆ ಬೀಗ ಕಟ್ಟಿದ್ದ. ಹಿಂದಿನ ಹಲಗೆಯ ಮೇಲೆ ಪೆನ್ಸಿಲ್ಲಿನ ಒಂದು ಗೆರೆ. ದೋಣಿ ನೆಟ್ಟಗಿದ್ದರೆ ದಾರ ಗೆರೆಯ ಮೇಲೆ ಕೂರುತ್ತದೆ. ಗೆರೆಯ ಎಡಕ್ಕೆ ಹೋದರೆ ದೋಣಿ ಎಡಕ್ಕೆ ವಾಲಿದೆ, ನೀರಿನ ಕ್ಯಾನುಗಳನ್ನು ಬಲಕ್ಕೆ ಸರಿಸಬೇಕು. "ದೋಣೀಲಿ ಏನೇ ಎಡವಟ್ಟಾದ್ರೂ ಮೊದ್ಲು ದೋಣೀನ ಕೇಳು," ಎನ್ನುತ್ತಿದ್ದ. "ಅನ್ನ ಒಂದ್ ಕಡೆ ಸೀದ್ರೆ ದೋಣೀನ ಕೇಳು. ಕತ್ತು ಹಿಡ್ಕಂಡ್ರೆ ದೋಣೀನ ಕೇಳು. ಮನುಷ್ಯನ್ನ ಆಮೇಲೆ ಕೇಳಿದ್ರಾಯ್ತು." ಅದು ನಿಜವೂ ಆಗಿತ್ತು. ಅನ್ನ ಒಂದು ಬದಿ ಸೀಯುತ್ತಿತ್ತು, ಕ್ಯಾನು ಸರಿಸಿದರೆ ಸರಿಹೋಗುತ್ತಿತ್ತು. ಮಲಗಿದವರ ತಲೆಗೆ ರಕ್ತ ಇಳಿದಂತಾಗುತ್ತಿತ್ತು, ಕ್ಯಾನು ಸರಿಸಿದರೆ ನಿದ್ದೆ ಬರುತ್ತಿತ್ತು. ಲೋಕದಲ್ಲಿ ಇಷ್ಟು ಸುಲಭವಾಗಿ ಸರಿಹೋಗುವ ತೊಂದರೆಗಳೂ ಇವೆಯಲ್ಲ ಎಂದು ನೂರೀನ್‌ಗೆ ಸಮಾಧಾನವಾಗುತ್ತಿತ್ತು.

ಮೆಹರೀನ್ ಮೊದಲ ಹೆಜ್ಜೆ ಇಟ್ಟದ್ದು ಕಾಫಿ ಕೊಯ್ಲಿನ ದಿನಗಳಲ್ಲಿ, ಹಾಯಿಕಂಬ ಹಿಡಿದುಕೊಂಡು. ಒಂದೆರಡು ತಿಂಗಳಲ್ಲಿ ಹಗ್ಗ ಎಟುಕುವಷ್ಟು ದೂರ ಓಡತೊಡಗಿದಳು. ಆಗ ನೆಟ್ಟಗೇ ಓಡುತ್ತಿದ್ದಳು. ನೂರೀನ್‌ಗೆ ಅದು ಚೆನ್ನಾಗಿ ನೆನಪಿದೆ.

ಆ ಬೇಸಿಗೆಯಲ್ಲಿ ಅಣೆಕಟ್ಟಿನಿಂದ ಕೆಳಗಿನ ಬೆಳೆಗಳಿಗೆ ನೀರು ಬಿಡುತ್ತ ಬಂದಂತೆ ಹಿನ್ನೀರು ಹಿಂದೆ ಸರಿಯಿತು. ಆಳಕ್ಕೆ ಸಾಗಿಸುವಷ್ಟರಲ್ಲಿ ದೋಣಿಯ ತಳ ಕೆಸರು ಕಚ್ಚಿ, ಜಗದಾಂಬ ಎಡಮಗ್ಗುಲಿಗೆ ವಾಲಿ ಕೂತಳು. ಮಳೆ ಬರುವವರೆಗೆ ಏಳುವ ಹಾಗಿಲ್ಲ. ಏಕಾಂತಯ್ಯ ಬಂದು ದಡದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ನಮ್ಮವ್ವಾನೂ ಮಧ್ಯಾಹ್ನ ಹಿಂಗೇ ಮಲಗ್ತಿದ್ಳು ಕಣೋ" ಎಂದು ನಕ್ಕು ಹೋದರು. ಆ ವಾರಗಳಲ್ಲಿ ಸಂಸಾರವೇ ಓರೆಯಾಗಿತ್ತು. ಪಾತ್ರೆಗಳು ಒಂದೇ ಮೂಲೆಗೆ ಉರುಳುತ್ತಿದ್ದವು. ಗಂಡ ಹೆಂಡತಿ ಮಗು ಮೂವರೂ ರಾತ್ರಿ ಎಡಹಲಗೆಗೇ ಬಂದು ಬೀಳುತ್ತಿದ್ದರು. ಇಳಿಜಾರಿನಲ್ಲಿ ನಡೆಯುತ್ತ ಮೆಹರೀನ್ ಒಂದು ಭುಜ ತಗ್ಗಿಸಿ, ತಲೆ ಓರೆ ಮಾಡಿ, ಕಾಲು ಅಗಲ ಮಾಡಿ ಹೆಜ್ಜೆ ಇಡತೊಡಗಿದಳು.

"ಅಯ್ಯೋ, ನೋಡ್ರೇ ದೋಣಿ ನಡಿಗೆಯ!" ಎಂದು ಅದಕ್ಕೆ ಹೆಸರಿಟ್ಟವಳು ಗಂಗಾಮಣಿ. ಹಾಲಿಗೆಂದು ದಡಕ್ಕೆ ಹೋದಾಗಲೆಲ್ಲ ಅಂಗಳದಲ್ಲಿ ಕೂಸನ್ನು ಇಳಿಸಿಕೊಂಡು, "ನಡಿಯವ್ವ, ದೋಣಿ ನಡಿಗೆ ನಡಿ" ಎನ್ನುವಳು. ಮೆಹರೀನ್ ತೂರಾಡುತ್ತ ಓರೆಯಾಗಿ ಕೋಳಿಗೂಡಿನವರೆಗೆ ಹೋಗಿ ತಿರುಗಿ ನೋಡುವಳು. ಎಲ್ಲರೂ ಚಪ್ಪಾಳೆ ತಟ್ಟುವರು. ಸುಫಿಯಾನ್ ಫೋನಿನಲ್ಲಿ ವಿಡಿಯೋ ಮಾಡಿ ಗೋವಾದ ಹಳೆಯ ಗೆಳೆಯರಿಗೆಲ್ಲ ಕಳಿಸಿದ.

"ನೆಲದ ಮೇಲೂ ಯಾಕೆ ಹಾಗೇ ನಡೀತಾಳೆ?" ಎಂದು ನೂರೀನ್ ಕೇಳಿದ್ದಳು. ಕೇಳಿದ್ದಳು, ಅದಂತೂ ಸತ್ಯ.

"ದೋಣಿ ಮೇಲೆ ಇರೋರ್ದೆಲ್ಲ ಹಂಗೇ ನೂರಿ. ನಾನು ಮೊದ್ಲ ಸಲ ಸಮುದ್ರದಿಂದ ಇಳ್ದಾಗ ಪಣಜಿ ರಸ್ತೇಲಿ ಕುಡ್ಕನಂಗೆ ತೂರಾಡಿದೀನಿ. ಕಾಲು ಅಲೆ ಹುಡುಕ್ತಾ ಇರ್ತವೆ. ಇವ್ಳು ಹುಟ್ಟಿನಿಂದ ಇಲ್ಲೇ ಅವ್ಳೆ. ಮಳೆ ಬರ್ಲಿ, ದೋಣಿ ನೆಟ್ಟಗಾಗ್ಲಿ, ಇವ್ಳೂ ನೆಟ್ಟಗಾಗ್ತಾಳೆ."

ಬೇಸಿಗೆಯ ಕೊನೆಗೆ ವಾಂತಿ ಶುರುವಾಯಿತು. ಬೆಳಿಗ್ಗೆ ಏಳುತ್ತಲೇ ಒಂದು ಸಲ, ಆಮೇಲೆ ಏನೂ ಆಗದವಳಂತೆ ಆಡಿಕೊಂಡಿರುವಳು. "ವಾಲಿದ್ ದೋಣೀಲಿರೋ ಕೂಸು ವಾಂತಿ ಮಾಡ್ದೆ ಇನ್ನೇನ್ ಮಾಡತ್ತೆ, ಒಂದ್ ಚೂರು ಶುಂಠಿ ನೆಕ್ಕಿಸು" ಎಂದಳು ಗಂಗಾಮಣಿ. ನೂರೀನ್ ಮಗುವನ್ನು ಎತ್ತಿಕೊಂಡು ಸಕಲೇಶಪುರದ ಡಾಕ್ಟರ ಬಳಿ ಹೋದಳು. ಆ ಡಾಕ್ಟರಿಗೆ ಅವಳು ಹಳಬಳು. ಸೊಳ್ಳೆ ಕಚ್ಚಿದ ಗುಳ್ಳೆಗೆ ಹೋಗಿದ್ದಳು, ಎರಡು ಸೀನಿಗೆ ಹೋಗಿದ್ದಳು, ಮಗು ಗುಂಡಿ ನುಂಗಿತೆಂದು ಅಳುತ್ತ ಹೋಗಿದ್ದಳು. ಆ ಗುಂಡಿ ಆಮೇಲೆ ದಿಂಬಿನಡಿ ಸಿಕ್ಕಿತ್ತು. ಅವರು ಹೊಟ್ಟೆ ಒತ್ತಿ ನೋಡಿ, ಗಂಟಲು ನೋಡಿ, "ಎಲ್ಲಮ್ಮ ಇರೋದು ನೀವು? ಇನ್ನೂ ದೋಣೀಲೇನಾ? ಮತ್ತೆ ವಾಂತಿ ಆಗ್ದೆ ಇರುತ್ತಾ?" ಎಂದು ಸಿರಪ್ ಬರೆದುಕೊಟ್ಟರು.

ಅತ್ತೆ ನಸೀರಾಳ ಮನೆ ಅಲ್ಲೇ ಪೇಟೆಯಲ್ಲಿ. ಸಿರಪ್ಪಿನ ಬಾಟಲಿ ನೋಡಿ ಆಕೆ ತಲೆ ಚಚ್ಚಿಕೊಂಡಳು. "ನಾನೂ ಐದು ಹೆತ್ತೋಳು. ಒಬ್ಬರಿಗಾದ್ರೂ ಹಿಂಗೆ ಭೂತಗನ್ನಡಿ ಹಿಡ್ಕಂಡ್ ಕೂತಿದ್ನಾ? ನೀನು ಮಗೂನ ನೋಡಲ್ಲ, ಮಗೂನಲ್ಲಿ ಕಾಯಿಲೆ ಹುಡುಕ್ತೀಯ. ಓದು ಜಾಸ್ತಿ ಆದ್ರೆ ಹಿಂಗೇ."

ಆ ಮಾತು ನೂರೀನ್‌ಗೆ ನಾಟಿತು. ಹೌದೇನೋ ಅನ್ನಿಸಿತು. ಇನ್ನು ಮೇಲೆ ನಾನು ಎಲ್ಲರಂತೆ ಇರಬೇಕು, ಫೋನಿನಲ್ಲಿ ಕಾಯಿಲೆಗಳ ಹೆಸರು ಹುಡುಕುವುದು ಬಿಡಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಜೀವಮಾನದಲ್ಲಿ ಅವಳು ಅಂಜಿಕೆಯನ್ನು ಗೆದ್ದದ್ದು ಆ ಒಂದೇ ಸಲ.

ಮಳೆ ಬಂತು, ನೀರು ಏರಿತು, ಒಂದು ಮಧ್ಯಾಹ್ನ ಜಗದಾಂಬ ಕೆಸರು ಬಿಟ್ಟು ಮೈಮುರಿದು ಎದ್ದಳು. ಮೆಹರೀನ್ ಮಾತ್ರ ವಾಲಿಯೇ ನಡೆಯುತ್ತಿದ್ದಳು. ಸುಫಿಯಾನ್ ಅವಳ ನಡಿಗೆ ನೋಡಿ, ಎಡಬದಿ ಇನ್ನೂ ಭಾರ ಇರಬೇಕು ಎಂದು ಕ್ಯಾನುಗಳನ್ನು ಬಲಕ್ಕೆ ಸರಿಸುವನು. ಒಂದು ಕ್ಯಾನು, ಇನ್ನೊಂದು ಕ್ಯಾನು. ದಾರ ಗೆರೆಯಿಂದ ಆಚೆ ಹೋದರೆ ವಾಪಸ್ಸು ತರುವನು. ಮತ್ತೆ ಮಗುವನ್ನು ನೋಡಿ ಮತ್ತೆ ಸರಿಸುವನು. ತಾನೇನು ಮಾಡುತ್ತಿದ್ದೇನೆಂದು ಅವನಿಗೇ ಅರಿವಿರಲಿಲ್ಲ.

ಮಳೆ ಹೊಳವಾದ ಒಂದು ಭಾನುವಾರ ಏಕಾಂತಯ್ಯ ಸ್ನೇಹಿತರಿಬ್ಬರನ್ನು ಕರೆದುಕೊಂಡು ಬಂದರು. ಹಾಯಿ ಏರಿತು. ತುಂಬಿದ ನೀರಿನ ನಡುವೆ ಹೋಗುವವರೆಗೆ ಎಲ್ಲ ಚೆನ್ನಾಗಿತ್ತು, ಆಮೇಲೆ ಘಾಟಿಯ ಗಾಳಿ ಬಂದು ಮಗ್ಗುಲಿಗೆ ಬಡಿಯಿತು. ದೋಣಿ ಮಲಗುವಷ್ಟು ವಾಲಿತು. "ತಲೆ! ತಲೆ ತಗ್ಸಿ!" ಎಂದು ಸುಫಿಯಾನ್ ಕೂಗುವಷ್ಟರಲ್ಲಿ ಬೂಮ್ ಸ್ನೇಹಿತರೊಬ್ಬರ ಟೋಪಿಯನ್ನು ನೀರಿಗೆ ಹಾರಿಸಿ ಆಚೆ ಹೋಯಿತು. ತಳದಲ್ಲಿ ಏನೋ ಕರಕರ ಉಜ್ಜಿತು. ಬೊಡ್ಡೆ ಎಂದುಕೊಂಡು ನೂರೀನ್ ಒಳಕ್ಕೆ ಧಾವಿಸಿ ತಳದ ಹಲಗೆ ಎತ್ತಿ ನೋಡಿದಳು, ನೀರು ನುಗ್ಗುತ್ತಿರಲಿಲ್ಲ. ಗ್ಯಾಸಿನ ತಿರುಪು ನೋಡಿದಳು, ಬಿಗಿಯಾಗಿತ್ತು. ಮೇಲೆ ಬಂದಳು. ಅತಿಥಿಗಳು ಕಂಬಿ ಹಿಡಿದು ಕೂತಿದ್ದರು, ಅವರ ನಡುವೆ ಮೆಹರೀನ್ ಕಾಲು ಅಗಲ ಮಾಡಿ ನಿಂತಿದ್ದಳು, ಹಗ್ಗ ಬಿಗಿದಿತ್ತು.

"ನಾವೆಲ್ಲ ಬಿದ್ವಿ, ಇವ್ಳೊಬ್ಳೇ ನಿಂತವ್ಳೆ ನೋಡ್ರೋ!" ಎಂದು ಏಕಾಂತಯ್ಯ ತೊಡೆ ತಟ್ಟಿ ನಕ್ಕರು. "ಕ್ಯಾಪ್ಟನ್ ಮಗ್ಳು ಅಂದ್ರೆ ಸುಮ್ನೇನಾ!"

ನೂರೀನ್ ಗಂಟು ಎಳೆದು ನೋಡಿದಳು. ಗಂಟು ಸರಿಯಾಗಿತ್ತು. ಮಗುವಿನ ಅಂಗಿಯ ಮೇಲೆ ಬೆಳಗಿನ ವಾಂತಿಯ ಕಲೆ ಒಣಗಿತ್ತು, ಅದನ್ನು ಸೆರಗಿನ ತುದಿಯಿಂದ ಒರೆಸಿದಳು.

ಅದಾದ ಕೆಲವು ದಿನಗಳ ಮೇಲೆ, ಗಾಳಿಯೇ ಇಲ್ಲದ ಒಂದು ಬೆಳಿಗ್ಗೆ. ಹಿನ್ನೀರು ಹರಿವಾಣದಲ್ಲಿಟ್ಟ ಎಣ್ಣೆಯಂತೆ ಅಲುಗದೆ ನಿಂತಿತ್ತು. ಸುಫಿಯಾನ್ ಕ್ಯಾನು ತುಂಬಿಸಲು ತೆಪ್ಪದಲ್ಲಿ ದಡಕ್ಕೆ ಹೋಗಿದ್ದ. ನೂರೀನ್ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಹಾಸಿಗೆಯಿಂದ ಇಳಿದ ಮೆಹರೀನ್ "ಅಮ್ಮೀ" ಎನ್ನುತ್ತ ಓಣಿಯಲ್ಲಿ ಅವಳ ಕಡೆ ಬರುತ್ತಿದ್ದಳು. ಎಡಭುಜ ಹಲಗೆಗೆ ಒಮ್ಮೆ ತಾಗಿತು. ಮತ್ತೆ ತಾಗಿತು. ಅವಳ ತಲೆಯ ಮೇಲೆ ಹಿತ್ತಾಳೆ ಬೀಗ ತೂಗುಬಿದ್ದಿತ್ತು.

ದಾರ ಗೆರೆಯ ಮೇಲಿತ್ತು.

ನೂರೀನ್ ಟೀ ಲೋಟ ನೋಡಿದಳು, ಟೀ ಸಮವಾಗಿತ್ತು. ತೂಗು ಒಲೆ ನೋಡಿದಳು. ಮತ್ತೆ ದಾರ ನೋಡಿದಳು. ಹಿಟ್ಟಿನ ಕೈಯಲ್ಲೇ ಹೋಗಿ ಎಡಗಡೆಯ ಎರಡು ಕ್ಯಾನುಗಳನ್ನು ಎಳೆದೆಳೆದು ಬಲಕ್ಕೆ ತಂದಳು. ದಾರ ಗೆರೆ ಬಿಟ್ಟು ಬಲಕ್ಕೆ ಸರಿಯಿತು. "ಬಾ ಮೆಹ್ರು, ಬಾ" ಎಂದು ಕರೆದಳು. ಮಗು ಎಡಕ್ಕೇ ವಾಲಿಕೊಂಡು ಬಂತು. ಈಗ ಏರಿನ ಕಡೆಗೆ ವಾಲಿತ್ತು. ನೂರೀನ್ ಕ್ಯಾನುಗಳನ್ನು ಮತ್ತೆ ಎಡಕ್ಕೆ ಎಳೆದು ಮೊದಲಿದ್ದ ಜಾಗದಲ್ಲೇ ಇಟ್ಟಳು. ಯಾಕೆ ಇಟ್ಟಳೋ. ರೊಟ್ಟಿ ಸೀದ ವಾಸನೆ ಬರುತ್ತಿತ್ತು.

ಸುಫಿಯಾನ್ ತೆಪ್ಪ ಕಟ್ಟಿ ಮೇಲೆ ಹತ್ತಿದಾಗ ಅವಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ರೀ, ದೋಣಿ ನೆಟ್ಟಗಿದೆ."

"ಒಳ್ಳೇದಾಯ್ತಲ್ಲ ಮತ್ತೆ. ಏನೇ ಅದು, ಸೀದ ವಾಸನೆ?"

"ದೋಣಿ ನೆಟ್ಟಗಿದೆ ರೀ."

ಎರಡನೆಯ ಸಲ ಹೇಳಿದಾಗ ಅವನು ಕ್ಯಾನು ಕೆಳಗಿಟ್ಟ.

ಸಕಲೇಶಪುರದ ಡಾಕ್ಟರು ಈ ಸಲ ನಗಲಿಲ್ಲ. ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಬೆರಳು ತೋರಿಸಿ ಹಿಡಿಯಲು ಹೇಳಿ, ಅದು ಬೆರಳು ಬಿಟ್ಟು ಪಕ್ಕದ ಗಾಳಿಯನ್ನು ಹಿಡಿದದ್ದನ್ನು ಕಂಡು, ಹಾಸನಕ್ಕೆ ಹೋಗಿ, ಇವತ್ತೇ ಹೋಗಿ ಎಂದರು. ಹಾಸನದಲ್ಲಿ ಸ್ಕ್ಯಾನ್ ಮಾಡಿ ಮೈಸೂರಿಗೆ ಕಳಿಸಿದರು. ಮೈಸೂರಿನ ಆ ಆಸ್ಪತ್ರೆಯ ಮುಂದೆಯೇ ನೂರೀನ್ ಕಾಲೇಜಿಗೆ ಹೋಗುತ್ತಿದ್ದದ್ದು. ಒಳಗೆ ಏನಿದೆಯೆಂದು ಆಗ ಯಾವತ್ತೂ ಯೋಚಿಸಿರಲಿಲ್ಲ.

ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು, ಮೆತ್ತಗೆ ಮಾತಾಡುವವರು. ಮಗುವನ್ನು ಹೊರಗಿನ ಉದ್ದದ ಓಣಿಗೆ ಕರೆದುಕೊಂಡು ಬಂದು, "ಎಲ್ಲಿ, ಸ್ವಲ್ಪ ನಡೀತೀಯಾ ಪುಟ್ಟ?" ಎಂದರು. ಅಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡು ಮೆಹರೀನ್‌ಗೆ ಖುಷಿಯಾಯಿತು. ಭುಜ ತಗ್ಗಿಸಿ, ತಲೆ ಓರೆ ಮಾಡಿ, ಹೊಳೆಯುವ ನೆಲದ ಮೇಲೆ ತೂರಾಡುತ್ತ ಗೋಡೆಯವರೆಗೆ ಹೋದಳು. ಹೋಗಿ, ತಿರುಗಿ ನಿಂತು, ಎಲ್ಲರ ಮುಖವನ್ನೂ ನೋಡಿದಳು. ಯಾರೂ ಏನೂ ಮಾಡಲಿಲ್ಲ. ಮಗುವಿನ ಮುಖ ಬಾಡುತ್ತ ಬಂತು. ಆಗ ನೂರೀನ್ ಚಪ್ಪಾಳೆ ತಟ್ಟಿದಳು, ಒಬ್ಬಳೇ.

"ಎಷ್ಟು ದಿನದಿಂದ ಹೀಗೆ?" ಎಂದು ಡಾಕ್ಟರು ಕೇಳಿದರು.

"ನಾವು ದೋಣೀಲಿರೋದು ಮೇಡಂ," ಎಂದ ಸುಫಿಯಾನ್.

"ದೋಣೀಲಾ?"

ಅವನು ವಿವರಿಸಲು ಹೋಗಿ ತಡವರಿಸಿ ಫೋನು ತೆಗೆದು ಬೇಸಿಗೆಯ ಆ ವಿಡಿಯೋ ತೋರಿಸಿದ. ಆಸ್ಪತ್ರೆಯ ಓಣಿಯಲ್ಲಿ ಗಂಗಾಮಣಿಯ ನಗು, ಕೋಳಿಗಳ ಗದ್ದಲ, ಚಪ್ಪಾಳೆ ಎಲ್ಲ ಕೇಳಿಸಿತು. ಡಾಕ್ಟರು ಶಬ್ದ ಕಡಿಮೆ ಮಾಡಿ ಇನ್ನೊಮ್ಮೆ ನೋಡಿದರು.

"ವಾಂತಿ ಬೆಳಿಗ್ಗೆ ಹೊತ್ತೇ ಹೆಚ್ಚಾ?"

"ಹೌದು ಮೇಡಂ. ಬೆಳಿಗ್ಗೆ ಗಾಳಿ ಏಳುತ್ತೆ, ದೋಣಿ ಅಲ್ಲಾಡುತ್ತೆ, ಅದಕ್ಕೆ..."

"ಗಾಳಿಗಲ್ಲಪ್ಪ," ಎಂದರು ಅವರು.

ತಲೆಯ ಹಿಂಭಾಗದಲ್ಲಿ, ಮೈಯ ಸಮತೋಲ ನೋಡಿಕೊಳ್ಳುವ ಜಾಗದಲ್ಲೇ ಗಡ್ಡೆ ಬೆಳೆದಿತ್ತು. ಆಪರೇಷನ್ ಆಯಿತು. ತೆಗೆಯಲು ಸಾಧ್ಯವಾದಷ್ಟನ್ನು ತೆಗೆದರು, ಉಳಿದದ್ದು ಕೈ ಹಾಕಬಾರದ ಜಾಗಕ್ಕೆ ಬೇರು ಬಿಟ್ಟಿದೆ ಎಂದರು. ಔಷಧಿ ಶುರುವಾಯಿತು. ಚಿಕ್ಕಮ್ಮನ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಚಿಕ್ಕಮ್ಮನ ಮನೆಗೆ ಓಡಾಡುವುದರಲ್ಲಿ ಮಳೆಗಾಲ ಮುಗಿಯಿತು, ಚಳಿಗಾಲವೂ ಕಳೆಯಿತು. ಮಗುವಿನ ಕೂದಲು ಉದುರಿತು, ಕಾಲು ಸೋತವು. ಮತ್ತೊಮ್ಮೆ ಸ್ಕ್ಯಾನ್ ಮಾಡಿದ ದಿನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ಬೇಸಿಗೇಲೇ ಬಂದಿದ್ರೆ ಮೇಡಂ?" ಎಂದು ನೂರೀನ್ ಕೇಳಿದಳು.

"ಅದನ್ನೆಲ್ಲ ಈಗ ಯೋಚನೆ ಮಾಡಬೇಡಮ್ಮ."

ಇಲ್ಲ ಎನ್ನಲಿಲ್ಲ ಅವರು. ಆಗಲೂ ಹೀಗೇ ಆಗುತ್ತಿತ್ತು ಎಂದು ಸುಳ್ಳಾದರೂ ಹೇಳಬಹುದಿತ್ತು ಎಂದು ನೂರೀನ್ ಎಷ್ಟೋ ದಿನ ಅಂದುಕೊಂಡಳು. "ಮನೆಗೆ ಕರ್ಕೊಂಡು ಹೋಗಿ. ನೋವಾಗದ ಹಾಗೆ ನೋಡ್ಕೊಳ್ಳೋಣ" ಎಂದಷ್ಟೇ ಹೇಳಿ ಅವರು ಮೇಜಿನ ಮೇಲಿದ್ದ ನೂರೀನಳ ಕೈ ಮೇಲೆ ಕೈಯಿಟ್ಟರು.

ನಸೀರಾ ತನ್ನ ಮನೆಯ ಮುಂದಿನ ಕೋಣೆ ತೆರವು ಮಾಡಿಕೊಟ್ಟಳು. ಮೊದಲಿನ ಮಾತುಗಳನ್ನು ಯಾರೂ ಎತ್ತಲಿಲ್ಲ. ಆದರೆ ಆಕೆ ಸೊಸೆಯ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನೇ ಬಿಟ್ಟಳು. ಏಕಾಂತಯ್ಯ ಕಿತ್ತಳೆಹಣ್ಣಿನ ಚೀಲ ಹಿಡಿದುಕೊಂಡು ಬಂದರು. ಕುರ್ಚಿಯ ತುದಿಯಲ್ಲಿ ಕೂತು, "ಆ ದರಿದ್ರದ ದೋಣೀನ ಮಾರ್ಬುಡ್ತೀನಿ ಮಾರಾಯ. ಯಾರೂ ತಗಳ್ದಿದ್ರೆ ಮುಳುಗಿಸ್ಬುಡ್ತೀನಿ" ಎಂದರು.

"ಬೇಡ ಸಾವ್ಕಾರ್ರೆ," ಎಂದ ಸುಫಿಯಾನ್. "ದೋಣಿ ಏನ್ ಮಾಡ್ತು."

ಅಲುಗಾಡದ ಮನೆಯಲ್ಲಿ ಮೆಹರೀನ್ ಮಲಗಲಿಲ್ಲ. ಮಂಚದ ಮೇಲೆ, ನೆಲದ ಮೇಲೆ, ಅಜ್ಜಿಯ ತೊಡೆಯ ಮೇಲೆ, ಎಲ್ಲಿ ಮಲಗಿಸಿದರೂ ಕಣ್ಣು ಬಿಟ್ಟುಕೊಂಡು ನರಳುವಳು. ಮಾತು ಕಡಿಮೆಯಾಗಿತ್ತು, ಉಳಿದಿದ್ದ ಮಾತುಗಳಲ್ಲಿ ಒಂದು "ಜಗ್ಗಾ". ಜಗದಾಂಬಳಿಗೆ ಅವಳು ಇಟ್ಟ ಹೆಸರು. ಸುಫಿಯಾನ್ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿ ತೂಗಿದ. ತೂಗುವ ಕೈ ನಿಂತೊಡನೆ ಮೆಹರೀನ್ ಮತ್ತೆ "ಜಗ್ಗಾ" ಎನ್ನುವಳು.

"ವಾಪಸ್ ಹೋಗೋಣ," ಎಂದಳು ನೂರೀನ್ ಒಂದು ಬೆಳಿಗ್ಗೆ, ಬಟ್ಟೆ ಮಡಿಸುತ್ತ.

ನಸೀರಾ ಅಡಿಗೆಮನೆಯಿಂದ ಓಡಿಬಂದಳು. "ನೆಲ ಬಿಟ್ಟು ಮತ್ತೆ ನೀರಿಗಾ? ದೋಣಿ ಬೇಡ, ಪೇಟೇಲಿ ಒಂದ್ ರೂಮ್ ಮಾಡಿ ಅಂತ ಹಟ ಹಿಡೀತಿದ್ದೋಳು ನೀನೇ ತಾನೆ? ನಿಂಗೇ ತಾನೆ ಅಷ್ಟು ಭಯ?"

"ಇನ್ನು ಯಾವುದಕ್ಕೆ ಅಮ್ಮಿ ಭಯಪಡ್ಲಿ?"

ಅವರು ಜೀಪಿನಲ್ಲಿ ಹಿನ್ನೀರಿಗೆ ಬಂದಾಗ ಗಂಗಾಮಣಿ ಹಾಲಿನ ಚೊಂಬು ಹಿಡಿದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಚೊಂಬು ಕೊಟ್ಟಳು, ಮಗುವಿನ ಪಾದ ಮುಟ್ಟಿ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕೋಳಿಗೂಡಿನ ಹತ್ತಿರ ಕೋಳಿಗಳು ಕೆದಕುತ್ತಿದ್ದವು. ಮೆಹರೀನ್ ಅಪ್ಪನ ಹೆಗಲ ಮೇಲಿಂದ ಅವನ್ನು ನೋಡಿದಳು.

ಜಗದಾಂಬಳ ಒಳಗೆ ಮುಗ್ಗಲು ವಾಸನೆ ತುಂಬಿತ್ತು. ಸುಫಿಯಾನ್ ಇಷ್ಟು ದಿನವೂ ನಡುನಡುವೆ ಬಂದು ನೀರು ಎತ್ತಿ ಹಾಕಿ ಹೋಗುತ್ತಿದ್ದ, ದೋಣಿ ಮುಳುಗಿರಲಿಲ್ಲ. ಮಗುವನ್ನು ಹಲಗೆಯ ಮೇಲೆ ಮಲಗಿಸಿದರು. ಸಣ್ಣ ಅಲೆಯೊಂದು ಬಂದು ದೋಣಿಯನ್ನು ಎತ್ತಿ ಇಳಿಸಿತು, ಇನ್ನೊಂದು ಬಂತು. ಮೆಹರೀನಳ ರೆಪ್ಪೆಗಳು ಕೂಡಿಕೊಂಡವು. ಎಷ್ಟೋ ವಾರಗಳ ಮೇಲೆ ಅವಳು ನರಳದೆ ನಿದ್ದೆ ಹೋದಳು.

ಸುಫಿಯಾನ್ ಬೀಗದ ದಾರ ನೋಡಿದ. ಗೆರೆಯಿಂದ ಕೂದಲೆಳೆಯಷ್ಟು ಎಡಕ್ಕಿತ್ತು. ಒಂದು ಕ್ಯಾನನ್ನು ಸದ್ದಾಗದಂತೆ ಎತ್ತಿ ಬಲಕ್ಕಿಟ್ಟ.

"ನೀರು ಇಳೀತಾ ಐತೆ," ಎಂದ ಪಿಸುದನಿಯಲ್ಲಿ. "ಈ ಸಲ ಕೆಸರು ಕಚ್ಚಕ್ಕೆ ಮೊದ್ಲೇ ಆಳಕ್ಕೆ ಒಯ್ಬೇಕು. ವಾಲಿದ್ರೆ ಇವ್ಳಿಗೆ ಕಷ್ಟ ಆಗತ್ತೆ."

ಆಳ ಎಲ್ಲಿದೆ, ಎಷ್ಟು ದಿನಕ್ಕಿದೆ ಎಂದು ನೂರೀನ್ ಕೇಳಲಿಲ್ಲ. ಇಳಿಬಿಸಿಲು ಮೇಲಿನ ಹಲಗೆಗೆ ಬಿದ್ದಿತ್ತು. ಮಗು ಎದ್ದ ಮೇಲೆ ಅವಳನ್ನು ಎತ್ತಿಕೊಂಡು ಮೇಲೆ ಬಂದು, ಹಾಯಿಕಂಬಕ್ಕೆ ದಿಂಬು ಒರಗಿಸಿ ಕೂರಿಸಿದಳು. ಕತ್ತು ಎಡಕ್ಕೆ ಬಿತ್ತು, ಅಲ್ಲೊಂದು ದಿಂಬು ಇಟ್ಟಳು. ಆಮೇಲೆ ಒಳಗೆ ಹೋಗಿ ಗೂಟದಲ್ಲಿದ್ದ ಕಟ್ಟನ್ನು ತಂದಳು. ಕಾಲೇಜ್ ಬ್ಯಾಗಿನ ಪಟ್ಟಿಗಳು. ಈಗ ಅವು ಮಗುವಿಗೆ ಸಡಿಲವಾಗಿದ್ದವು. ಎದೆಗೆ ಸುತ್ತಿ, ಬೆನ್ನಿಗೆ ಎಳೆದು, ಕೊಕ್ಕೆ ಹಾಕಿ, ಹಗ್ಗವನ್ನು ಕಂಬದ ಬುಡಕ್ಕೆ ಕಟ್ಟಿದಳು.

ಸುಫಿಯಾನ್ ನೋಡುತ್ತ ನಿಂತಿದ್ದ. ಮಂಡಿಯೂರಿ ಕೂತು, ಅವಳು ಹಾಕಿದ ಗಂಟನ್ನು ಹಿಡಿದು, ಒಮ್ಮೆ ಎಳೆದು ನೋಡಿದ.